ಊಟಿಯಲ್ಲಿ ರೊಟ್ಟಿಗೆ ಗಾಳಿ ಕೊಟ್ಟದ್ದು

ಪ್ರವಾಸದ ಯೋಜನೆ ಗಂಡಸರ ಕೆಲಸ ಎಂದು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಂತೂ ಅದು ನನ್ನ ಖಾತೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮದುವೆ ಇರಲಿ, ಗೃಹಪ್ರವೇಶ ಇರಲಿ, ರೊಟ್ಟಿ ಬಡಿಯುವ ಹೆಂಗಸರನ್ನು ಒಟ್ಟುಗೂಡಿಸಿ ಆಳೆತ್ತರದ ಕಡಕ್ ರೊಟ್ಟಿಯ ರಾಶಿ ಎಬ್ಬಿಸುವವಳು ನಾನು. ಅಂಥವಳಿಗೆ ನಾಲ್ಕು ತಲೆಮಾರಿನ ಒಂದು ಸಂಸಾರವನ್ನು ಊಟಿಗೆ ಕರೆದುಕೊಂಡು ಹೋಗಿ ಬರುವುದು ದೊಡ್ಡ ಮಾತೇ?

ಊಟಿಯ ವಿಷಯ ಎದ್ದದ್ದು ನಮ್ಮ ಅತ್ತೆಯಿಂದ. ಬೇಸಿಗೆಯ ಒಂದು ಮಧ್ಯಾಹ್ನ, ಅಂಗಳಕ್ಕೆ ಕಾಲಿಟ್ಟರೆ ಅಂಗಾಲು ಸುಡುವ ಹೊತ್ತು. ಮೊಮ್ಮಗಳು ಅನ್ವಿ ತನ್ನ ಮುತ್ತಜ್ಜಿಗೆ ಮೊಬೈಲಿನಲ್ಲಿ ಊಟಿಯ ಬೆಟ್ಟ ತೋರಿಸುತ್ತಿದ್ದಳು. ಅತ್ತೆ ಬಹಳ ಹೊತ್ತು ನೋಡಿ, "ಅಲ್ಲಿ ಮಾಡ ಕೈಗೆ ಸಿಗ್ತಾವನು?" ಎಂದು ಕೇಳಿದರು. ಅವರ ಮಾತಿನಲ್ಲಿ ಮಾಡ ಎಂದರೆ ಮೋಡ. ನಾನು ಸೊಸೆಯಾಗಿ ಬಂದಾಗಿನಿಂದ ಅವರು ತಮಗಾಗಿ ಏನನ್ನಾದರೂ ಕೇಳಿದ್ದು ನೆನಪಿಲ್ಲ. ಎಲ್ಲರೂ ಊಟಿಗೆ ಹೋಗುವುದೆಂದು ಅಲ್ಲೇ ಕುಳಿತು ಘೋಷಿಸಿಬಿಟ್ಟೆ.

ಮಗ ಮಹಾಂತೇಶ ತಕರಾರು ತೆಗೆದ. ಅಜ್ಜಿಯ ಊಟದ ಗತಿ ಏನು ಎಂಬುದು ಅವನ ಪ್ರಶ್ನೆ. ನಮ್ಮತ್ತೆ ನಾನು ಮಾಡಿದ ರೊಟ್ಟಿ ಬಿಟ್ಟು ಹೊರಗಿನದೇನನ್ನೂ ಮುಟ್ಟುವುದಿಲ್ಲ. ಇದು ಇಡೀ ಓಣಿಗೆ ಗೊತ್ತು, ಏಕೆಂದರೆ ಓಣಿಗೆಲ್ಲ ಅದನ್ನು ಹೇಳಿದವಳು ನಾನೇ. ಹಿಂದೊಮ್ಮೆ ಗುಳೇದಗುಡ್ಡದಲ್ಲಿ ನೆಂಟರ ಮದುವೆಗೆ ಹೋದಾಗ ಮನೆಯ ರೊಟ್ಟಿ ಬಂದು ಮುಟ್ಟುವುದು ತಡವಾಗಿ, ಅತ್ತೆ ತಲೆಸುತ್ತಿ ಬಿದ್ದು, ದವಾಖಾನೆಯಲ್ಲಿ ಸಲೈನ್ ಹಚ್ಚುವ ತನಕ ಬಂದಿತ್ತು. ಅಂದಿನಿಂದ ಮಗನಿಗೆ ಅಂಜಿಕೆ. ಅವನು ಕರಾರು ಹಾಕಿದ. ಅಜ್ಜಿ ಒಂದು ಹೊತ್ತು ಉಪವಾಸ ಬಿದ್ದರೂ ಗಾಡಿ ಇಳಕಲ್ಲಿಗೆ ತಿರುಗುತ್ತದೆ, ಮೋಡ ನೋಡಿರಲಿ ಬಿಡಲಿ.

ಒಪ್ಪಿದೆ. ನನ್ನ ರೊಟ್ಟಿಯ ಮೇಲೆ ನನಗೆ ಅಷ್ಟು ಭರವಸೆ! ಹೆಂಚಿನಿಂದ ಇಳಿಸಿ, ಒಲೆಯ ಬದಿಗೆ ನಿಲ್ಲಿಸಿ, ಒಳಗಿನ ಪಸೆ ಪೂರಾ ಆರುವ ತನಕ ನಾನು ಬಿಡುವವಳಲ್ಲ. ಮೆತ್ತಗಿನ ರೊಟ್ಟಿ ನನ್ನ ಲೆಕ್ಕದಲ್ಲಿ ಅರ್ಧ ಬೆಂದ ರೊಟ್ಟಿ. ಮುರಿದರೆ ಪಟ್ ಎನ್ನಬೇಕು, ಆ ಸದ್ದು ಪಡಸಾಲೆಗೆ ಕೇಳಿಸಬೇಕು. ಹಾಗೆ ಮಾಡಿದ ರೊಟ್ಟಿಗಳನ್ನು ದೊಡ್ಡ ತಗಡಿನ ಡಬ್ಬಿಗೆ ತುಂಬಿ, ಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟು, ಬಾಡಿಗೆ ಗಾಡಿಯಲ್ಲಿ ಡಬ್ಬಿಗೆ ಒಂದು ಸೀಟು ಕೊಟ್ಟೆ. ನಮ್ಮ ಯಜಮಾನರು ಹಿಂದಿನ ಸೀಟಿನಲ್ಲಿ ಸ್ವೆಟರಿನ ಗಂಟುಗಳ ನಡುವೆ ಮೊಣಕಾಲು ಮಡಚಿ ಕುಳಿತರು. ಡಬ್ಬಿ ಕುಲುಕಿದರೆ ರೊಟ್ಟಿ ಚೂರಾಗುತ್ತವೆ, ಯಜಮಾನರು ಕುಲುಕಿದರೆ ಏನೂ ಆಗುವುದಿಲ್ಲ. ಯೋಜನೆ ಎಂದರೆ ಇದು!

ದಾರಿಯುದ್ದಕ್ಕೂ ನನ್ನ ಆಡಳಿತ ನಿರ್ವಿಘ್ನವಾಗಿ ನಡೆಯಿತು. ನಿಂತಲ್ಲೆಲ್ಲ ಡಬ್ಬಿ ತೆರೆಯುತ್ತಿದ್ದೆ, ಅತ್ತೆ ಒಂದು ತುಂಡನ್ನು ಮೊಸರಿನಲ್ಲಿ ಅದ್ದಿಕೊಂಡು ನಿಧಾನವಾಗಿ ತಿನ್ನುತ್ತಿದ್ದರು. ಸೊಸೆ ಪೂಜಾ ಹೋಟೆಲ್ಲಿನ ಹೆಸರೆತ್ತಿದಾಗಲೆಲ್ಲ ನಾನು ಅತ್ತೆಯನ್ನು ತೋರಿಸಿ ಅವಳ ಬಾಯಿ ಮುಚ್ಚಿಸಿದೆ.

ಊಟಿ ಮುಟ್ಟಿದಾಗ ಮುಂಜಾನೆ. ಹೋಟೆಲಿನ ಕೋಣೆಗೆ ಹೋದವಳೇ ನಾನು ಮೊದಲು ಮಾಡಿದ್ದು ರೊಟ್ಟಿಯ ಆರೈಕೆ. ಪಾಪ, ಎರಡು ದಿನದಿಂದ ಡಬ್ಬಿಯೊಳಗೆ ಉಸಿರುಗಟ್ಟಿ ಕುಳಿತಿವೆ. ನಮ್ಮೂರಲ್ಲಿ ರೊಟ್ಟಿಯನ್ನು ಬುಟ್ಟಿಯಲ್ಲಿ ತೆರೆದೇ ಇಡುತ್ತೇವೆ, ಗಾಳಿ ಆಡಿದಷ್ಟೂ ಅದು ಕಡಕ್ ಆಗುತ್ತದೆ. ಕಿಟಕಿಗಳನ್ನು ಪೂರಾ ತೆರೆದೆ. ಮಂಚದ ಮೇಲೆ ಹಳೆಯ ಸೀರೆ ಹಾಸಿ, ಒಂದಕ್ಕೊಂದು ತಾಗದಂತೆ ರೊಟ್ಟಿಗಳನ್ನು ಹರಡಿದೆ. ಉಳಿದವನ್ನು ಕುರ್ಚಿ, ಮೇಜು, ಟಿವಿಯ ಮುಂದಿನ ಹಲಗೆಯ ಮೇಲೆ ಒರಗಿಸಿ ಇಟ್ಟೆ. ಆಮೇಲೆ ನೆಮ್ಮದಿಯಿಂದ ಎಲ್ಲರನ್ನೂ ಕರೆದುಕೊಂಡು ಹೂದೋಟ ನೋಡಲು ಹೊರಟೆ. ಮರುದಿನ ದೊಡ್ಡಬೆಟ್ಟಕ್ಕೆ ಹೋಗಿ ಅತ್ತೆಗೆ ಮೋಡ ಮುಟ್ಟಿಸುವುದೆಂದು ಕಾರ್ಯಕ್ರಮ.

ಹೂದೋಟದಲ್ಲಿ ಇದ್ದಾಗ ಬೆಳ್ಳಗೆ ಮಂಜು ಇಳಿಯಿತು. ಎಂಥ ತಂಪು ಗಾಳಿ, ರೊಟ್ಟಿಗೆ ಚೆನ್ನಾಗಿ ಬಡಿಯುತ್ತಿರಬೇಕು ಎಂದು ನಾನು ಹಿಗ್ಗಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಒಂದು ರೊಟ್ಟಿ ಎತ್ತಿದೆ. ಅದು ನನ್ನ ಕೈಯಲ್ಲಿ ಒದ್ದೆ ಬಟ್ಟೆಯಂತೆ ಜೋತು ಬಿತ್ತು. ಇನ್ನೊಂದು ಎತ್ತಿದೆ, ಅದೂ ಜೋತು ಬಿತ್ತು. ಮುರಿಯಲು ಹೋದರೆ ಪಟ್ ಎನ್ನಲಿಲ್ಲ, ಸುಮ್ಮನೆ ಮಡಚಿಕೊಂಡಿತು. ಕೋಣೆಯಲ್ಲಿದ್ದ ಅಷ್ಟೂ ರೊಟ್ಟಿಗಳು ಊಟಿಯ ಮಂಜನ್ನು ಹೊಟ್ಟೆತುಂಬ ಕುಡಿದು ಮಲಗಿದ್ದವು. ನಮ್ಮ ಯಜಮಾನರು ಒಂದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, "ಚಲೋ ಆತು, ಇನ್ನ ಕಿಸೆದಾಗ ಇಟ್ಕೊಂಡು ಅಡ್ಡಾಡಬಹುದು" ಎಂದರು. ಸೀಟಿನ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ.

ಮಹಾಂತೇಶ ನಗಲಿಲ್ಲ. "ಯವ್ವಾ, ಮಾತಂದ್ರ ಮಾತು. ಇವನ್ನ ಅಜ್ಜಿ ತಿನ್ನಂಗಿಲ್ಲ. ನಾ ಡ್ರೈವರಗ ಹೇಳ್ತೇನಿ" ಎಂದ.

ಅಷ್ಟು ದೂರ ಬಂದು, ಒಂದು ಬೆಟ್ಟದ ಅಂತರದಲ್ಲಿ ಅತ್ತೆಯ ಆಸೆ ತಪ್ಪಿಹೋಗುವುದೇ! ಅರ್ಧ ತಾಸು ಕೊಡು, ರೊಟ್ಟಿಯನ್ನು ಮೊದಲಿನಂತೆ ಮಾಡುತ್ತೇನೆ ಎಂದು ಅವನನ್ನು ತಡೆದೆ. ಅತ್ತೆಯನ್ನೂ ಅನ್ವಿಯನ್ನೂ ಕೆಳಗೆ ಕಳಿಸಿ ಕೆಲಸಕ್ಕೆ ನಿಂತೆ.

ಮೊದಲು ಪೂಜಾಳ ಕೂದಲು ಒಣಗಿಸುವ ಯಂತ್ರ ಹಿಡಿದೆ. ಗಾಳಿಯ ರಭಸಕ್ಕೆ ರೊಟ್ಟಿ ಹಾರಿ ಹೋಗಿ ಯಜಮಾನರ ಎದೆಗೆ ಅಂಟಿಕೊಂಡಿತು. ನಂತರ ಬಾಡಿಗೆಯ ಹೀಟರ್ ತರಿಸಿ ಅದರ ಸುತ್ತ ರೊಟ್ಟಿಗಳನ್ನು ಕೂರಿಸಿದೆ. ಮುಂದಿನ ಮೈ ಕಾದರೆ ಹಿಂದಿನ ಮೈ ಮತ್ತೆ ಮಂಜು ಕುಡಿಯುತ್ತಿತ್ತು. ಆಗ ನನ್ನ ಕಣ್ಣು ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿತ್ತು. ಹೆಂಚಿಗೂ ಇಸ್ತ್ರಿಗೂ ವ್ಯತ್ಯಾಸವೇನು? ಹೆಂಚು ರೊಟ್ಟಿಯ ಕೆಳಗೆ ಇರುತ್ತದೆ, ಇಸ್ತ್ರಿ ಮೇಲೆ. ಅಷ್ಟೇ!

ಟವೆಲ್ ಹಾಸಿ, ರೊಟ್ಟಿ ಇಟ್ಟು, ಇಸ್ತ್ರಿ ಒತ್ತಿದೆ. ಚುಂಯ್ ಎಂದು ಹಬೆ ಬಂತು. ಇಳಕಲ್ ಸೀರೆಯ ಸೆರಗಿಗೂ ನಾನು ಅಷ್ಟು ನಾಜೂಕಾಗಿ ಇಸ್ತ್ರಿ ಹಾಕಿದವಳಲ್ಲ. ಎರಡನೆಯ ರೊಟ್ಟಿಗೆ ಹೊಗೆ ಎದ್ದಿತು. ಮೂರನೆಯದಕ್ಕೆ ಹೀಟರ್, ಇಸ್ತ್ರಿ, ದೀಪ, ಟಿವಿ ಎಲ್ಲವೂ ಒಟ್ಟಿಗೆ ಆರಿದವು. ನಮ್ಮ ಕೋಣೆಯದಷ್ಟೇ ಅಲ್ಲ, ಇಡೀ ಮಹಡಿಯದು.

ಹೊರಗೆ ಬಾಗಿಲುಗಳು ತೆರೆದುಕೊಂಡವು. ಹೊಸದಾಗಿ ಮದುವೆಯಾದ ಜೋಡಿಗಳು ಶಾಲು ಹೊದ್ದು ಹೊರಬಂದು, ಸುಟ್ಟ ವಾಸನೆ ಎಲ್ಲಿಯದೆಂದು ಹುಡುಕುತ್ತ ನಮ್ಮ ಬಾಗಿಲಿಗೇ ಬಂದರು. ಹಿಂದೆಯೇ ಹೋಟೆಲಿನ ಮ್ಯಾನೇಜರ್. ಮೈಸೂರು ಕಡೆಯವರು, ಬಹಳ ಮರ್ಯಾದಸ್ಥರು. ಮಂಚ, ಕುರ್ಚಿ, ಟಿವಿ ಎಲ್ಲದರ ಮೇಲೂ ಕಣ್ಣು ಹಾಯಿಸಿ, ಕೊನೆಗೆ ನನ್ನ ಕೈಯಲ್ಲಿದ್ದ ಇಸ್ತ್ರಿ ನೋಡಿ, "ಏನು ಐರನ್ ಮಾಡ್ತಾ ಇದ್ದೀರಿ ಮೇಡಂ?" ಎಂದು ಕೇಳಿದರು.

"ರೊಟ್ಟಿ" ಎಂದರು ನಮ್ಮ ಯಜಮಾನರು.

ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಮಾನ ಹೋದದ್ದಕ್ಕಿಂತ ಅತ್ತೆಯ ಮುಖ ನೆನೆದು ನನಗೆ ಹೆಚ್ಚು ಸಂಕಟವಾಯಿತು. ಅವರು ಇಷ್ಟು ಹೊತ್ತಿಗೆ ಹಸಿದು ತಲೆಸುತ್ತಿ ಬಿದ್ದಿದ್ದರೆ ಎಂದು ದಡದಡ ಮೆಟ್ಟಿಲು ಇಳಿದೆ. ಮಗನೂ ನನ್ನ ಹಿಂದೆ ಓಡಿಬಂದ.

ಅತ್ತೆ ಹೋಟೆಲಿನ ಊಟದ ಕೋಣೆಯಲ್ಲಿ ಅನ್ವಿಯ ಎದುರಿಗೆ ಕುಳಿತಿದ್ದರು. ಮುಂದೆ ಒಂದು ಖಾಲಿ ತಟ್ಟೆ ಇತ್ತು. ಎರಡನೆಯ ತಟ್ಟೆಯಲ್ಲಿ ಸಾಂಬಾರಿನೊಳಗೆ ಮುಳುಗಿದ ಇಡ್ಲಿಗಳಿದ್ದವು. ಅತ್ತೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು.

"ಅತ್ತೀ, ನೀವು ಹೊರಗಿಂದು ಮುಟ್ಟಂಗಿಲ್ಲಲ್ರಿ?" ಎಂದೆ.

"ಹಂಗಂತ ನೀ ಹೇಳ್ತಿ, ಶಾಂತವ್ವ. ನಾ ಯಾವಾಗ ಹೇಳೇನಿ?"

ಹಾಗಾದರೆ ಗುಳೇದಗುಡ್ಡದ ಮದುವೆಯಲ್ಲಿ ಉಪವಾಸ ಬಿದ್ದದ್ದೇಕೆ ಎಂದು ಮಗ ಕೇಳಿದ. ಅತ್ತೆ ಇಡ್ಲಿ ಮುರಿಯುತ್ತಲೇ ಉತ್ತರ ಕೊಟ್ಟರು. "ಗೋದಿ ಹುಗ್ಗಿ ಬಡಸಾಕ ಬಂದಿದ್ರಪ್ಪ. ಎಂಥಾ ಘಮ. ನಮ್ಮತ್ತಿ ಮುಟ್ಟಂಗಿಲ್ಲ ಅಂತ ನಿಮ್ಮವ್ವ ಅವರನ್ನ ಮುಂದ ಕಳಿಸಿದ್ಲು."

ಮಹಾಂತೇಶ ನನ್ನನ್ನು ನೋಡಿದ. ನಾನು ಸಾಂಬಾರಿನ ತಟ್ಟೆಯನ್ನು ನೋಡಿದೆ. ಇಷ್ಟು ವರ್ಷ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು ಅತ್ತೆಯನ್ನು ಕೇಳಿದೆ.

"ಊರೆಲ್ಲಾ ನಿನ್ನ ರೊಟ್ಟಿ ಹೊಗಳತದ. ನನಗ ಹಲ್ಲಿಲ್ಲ ಅಂತ ನಾ ಹೆಂಗ ಅದಕ್ಕ ಕುಂದು ಹೇಳ್ಲಿ? ನಿನಗ ಬ್ಯಾಸರಾಗ್ತಿತ್ತು" ಎಂದು ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಮರೆಮಾಚಲು ಒಂದು ಇಡ್ಲಿ ತಿಂದೆ. ಚೆನ್ನಾಗಿಯೇ ಇತ್ತು.

ಮರುದಿನ ದೊಡ್ಡಬೆಟ್ಟ ಹತ್ತಿದೆವು. ಗಾಡಿಯಲ್ಲಿ ಡಬ್ಬಿಯ ಸೀಟಿನಲ್ಲಿ ಯಜಮಾನರು ಕಾಲು ಚಾಚಿ ಕುಳಿತಿದ್ದರು. ಮೇಲೆ ಮೋಡ ನಮ್ಮ ಮೈಮೇಲೆಯೇ ನಡೆದುಬಂತು. ಅತ್ತೆ ಶಾಲಿನಿಂದ ಕೈ ಹೊರಗೆ ಹಾಕಿ, ಬೆರಳು ಬಿಡಿಸಿ, ಮೋಡ ಹಾದುಹೋಗುವ ತನಕ ಹಾಗೇ ಹಿಡಿದಿದ್ದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ನನ್ನ ಕೆಟ್ಟುಹೋದ ರೊಟ್ಟಿಗಳಲ್ಲಿ ಒಂದನ್ನು ತೆಗೆದು, ಚಟ್ನಿ ಹಾಕಿ ಸುತ್ತಿ, ಪೂರಾ ತಿಂದು ಮುಗಿಸಿದರು.

"ಈಗ ಚಲೋ ಆಗ್ಯಾವ ನೋಡು. ಮನಿಗೆ ಹೋದ ಮ್ಯಾಲೂ ಹಿಂಗ ಮಾಡು" ಎಂದರು.

ಈಗ ನಮ್ಮ ಮನೆಯಲ್ಲಿ ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಇಣುಕಿ ನೋಡಿದ ಓಣಿಯ ಹೆಂಗಸರಿಗೆ, ಇದು ಊಟಿಯಲ್ಲಿ ನಾನೇ ಕಂಡುಹಿಡಿದ ಹೊಸ ಪದ್ಧತಿ, ಇಡೀ ಹೋಟೆಲ್ ಬಾಗಿಲಿಗೆ ಬಂದು ನಿಂತು ನೋಡಿತು ಎಂದು ಗಂಭೀರವಾಗಿ ಹೇಳುತ್ತೇನೆ. ಅತ್ತೆ ಅಲ್ಲೇ ಕುಳಿತಿರುತ್ತಾರೆ. ನನ್ನ ಮುಖ ನೋಡುತ್ತಾರೆ. ಈ ಸಲವೂ ಏನೂ ಹೇಳುವುದಿಲ್ಲ.