ಮುಕ್ಕಾಲು ಮೀಟರ್ ಬಟ್ಟೆ ಮತ್ತು ತಮ್ಮ ಏಳನೆಯ ವಿಡಿಯೋ

ಗಣಿತವನ್ನು ಆಟವಾಗಿಸಿದ ಮಾನ್ಯ ವಿಡಿಯೋ ಮೇಷ್ಟ್ರೇ,

ಹದಿನಾಲ್ಕು ಲಕ್ಷ ಮಂದಿ ಬೆನ್ನು ಹತ್ತಿರುವ ತಮಗೆ, ಮೂವತ್ತೊಂಬತ್ತು ಮಕ್ಕಳು ಬೆನ್ನು ತೋರಿಸಿ ಕೂರುವ ಆರನೇ ತರಗತಿಯ ಗಣಿತದ ಮೇಷ್ಟ್ರೊಬ್ಬನ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ಪ್ರತಿ ವಿಡಿಯೋದ ಆರಂಭದಲ್ಲೇ "ನಾನು ಸೂಪರ್, ನೀವು?" ಎಂದು ತಾವೇ ಕೂಗುತ್ತೀರಿ. ನಾವು ಹೇಗಿದ್ದೇವೆಂಬ ಉತ್ತರಕ್ಕೆ ತಾವು ಒಮ್ಮೆಯೂ ಕಾದದ್ದಿಲ್ಲವಾದ್ದರಿಂದ ಅದನ್ನು ಈ ಬಹಿರಂಗ ಪತ್ರದ ಮೂಲಕ ಸಲ್ಲಿಸುತ್ತಿದ್ದೇನೆ. ದಯವಿಟ್ಟು ಎರಡು ಪಟ್ಟು ವೇಗದಲ್ಲಿ ಓದಬಾರದೆಂದು ವಿನಂತಿ.

ಇಪ್ಪತ್ತಾರು ವರ್ಷಗಳಿಂದ ಸೀಮೆಸುಣ್ಣವನ್ನೇ ನಂಬಿ ಬದುಕಿದವನು ನಾನು. ಈ ವರ್ಷ ಶಾಲೆ ಶುರುವಾದ ವಾರವೇ ನಮ್ಮ ಮುಖ್ಯೋಪಾಧ್ಯಾಯಿನಿಯವರು ಸಿಬ್ಬಂದಿ ಕೊಠಡಿಗೆ ದಯಮಾಡಿಸಿ, ಇನ್ನು ಮುಂದೆ ಎಲ್ಲರೂ ಪಾಠದಲ್ಲಿ ಆನ್‌ಲೈನ್ ಸಾಮಗ್ರಿಯನ್ನೂ ಸೃಜನಶೀಲತೆಯನ್ನೂ ಬಳಸತಕ್ಕದ್ದೆಂದೂ, ಎರಡು ತಿಂಗಳು ಕಳೆದ ಮೇಲೆ ಇನ್‌ಸ್ಪೆಕ್ಟರು ಬಂದು ತರಗತಿಯಲ್ಲಿ ಕೂತು ನೋಡುತ್ತಾರೆಂದೂ ಸಾರಿ, ಕೊನೆಗೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಬೇರೆಯವರದ್ದೇನೂ ಇಲ್ಲ, ನಿಮ್ಮದೇ ನನಗೆ ಚಿಂತೆ" ಎಂದರು. ಅವರ ಚಿಂತೆ ನ್ಯಾಯವಾದದ್ದೇ. ಸೃಜನಶೀಲತೆಯನ್ನು ನಾನು ಮೊದಲು ತಲೆಯ ಮೇಲೆ ಹೊತ್ತು ನೋಡಿದೆ. 'ಛೇದ' ಎಂದು ಬರೆದ ರಟ್ಟಿನ ಟೋಪಿಯೊಂದನ್ನು ಧರಿಸಿ, ಅದರ ಮೇಲೆ 'ಅಂಶ' ಎಂದು ಬರೆದ ಇನ್ನೊಂದನ್ನು ಕೂರಿಸಿ, ಸಾಕ್ಷಾತ್ ಭಿನ್ನರಾಶಿಯಾಗಿ ತರಗತಿಯನ್ನು ಪ್ರವೇಶಿಸಿದೆ. ಬಾಗಿಲ ಚೌಕಟ್ಟಿಗೆ ತಗುಲಿ ಅಂಶ ಹೊರಗೇ ಉದುರಿತು. ಛೇದ ಒಂದೇ ಒಳಗೆ ಬಂತು. ಮಕ್ಕಳು ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಡೀ ತರಗತಿ ಗಂಭೀರವಾಯಿತು, ಮುಂದಿನ ಬೆಂಚಿನಿಂದ ಯಾರೋ "ಸಾರ್, ಹುಷಾರಾಗಿದ್ದೀರಾ?" ಎಂದು ಮೆಲ್ಲಗೆ ವಿಚಾರಿಸಿದರು.

ಆ ಸಂಜೆ ನನ್ನ ಮಗಳು ಕನಿಕರಪಟ್ಟು, "ಅಪ್ಪಾ, ನೀನೇನೂ ಮಾಡೋಕೆ ಹೋಗ್ಬೇಡ, ಇವರನ್ನ ಹಾಕ್ಬಿಡು, ಸಾಕು" ಎಂದು ತಮ್ಮನ್ನು ತೋರಿಸಿದಳು. ಆಹಾ, ಮಾನ್ಯರೇ! ತಮ್ಮ ಬೆರಳು ತಗುಲಿದ್ದೇ ತಡ ಅಂಕಿಗಳು ಕುಣಿಯುತ್ತಿದ್ದವು. ತಾವು ಕಣ್ಣು ಮಿಟುಕಿಸಿದರೆ ಒಂದು ವೃತ್ತ ಎಂಟು ಹೋಳಾಗಿ ಬಣ್ಣ ಬಣ್ಣವಾಗಿ ಹಾರುತ್ತಿತ್ತು. ನನ್ನ ವೃತ್ತವೋ, ಇಪ್ಪತ್ತಾರು ವರ್ಷವಾದರೂ ಬೋರ್ಡಿನ ಮೇಲೆ ಆಲೂಗಡ್ಡೆಯಾಗಿಯೇ ಉಳಿದಿದೆ. ಮರುದಿನದಿಂದ ತಾವು ಗೋಡೆಯ ಪರದೆಯ ಮೇಲೆ ಪಾಠ ಮಾಡತೊಡಗಿದಿರಿ, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ ತಿದ್ದತೊಡಗಿದೆ. ಗಂಟಲು ನೋವು ಹೋಯಿತು, ಮಂಡಿ ನೋವು ಹೋಯಿತು. ಮಕ್ಕಳು ತಮ್ಮನ್ನು 'ಸಾರ್' ಎಂದೂ ನನ್ನನ್ನು 'ರಿಮೋಟ್ ಸಾರ್' ಎಂದೂ ಕರೆಯುತ್ತಿದ್ದಾರೆಂದು ತಿಳಿದ ದಿನ, ಕಡೆಗೂ ನನಗೊಂದು ಅಡ್ಡಹೆಸರು ಬಿತ್ತಲ್ಲ ಎಂದು ಮನೆಯಲ್ಲಿ ಹೇಳಿಕೊಂಡೆ. ಮಗಳು ನಗಲಿಲ್ಲ.

ಹೀಗೆ ಆರು ವಿಡಿಯೋಗಳು ಸುಖವಾಗಿ ಮುಗಿದವು. ಏಳನೆಯದರಲ್ಲಿ ತಾವು ಮುಕ್ಕಾಲನ್ನು ಅರ್ಧದಿಂದ ಭಾಗಿಸಲು ಹೊರಟಿರಿ. ಭಾಗಿಸುವಾಗ ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕೆಂಬುದು ತಮಗೆ ತಿಳಿಯದ್ದೇನಲ್ಲ. ಆದರೆ ಅಂದು ತಾವು ಏನು ಅವಸರದಲ್ಲಿದ್ದಿರೋ, ಅದನ್ನು ತಿರುಗಿಸಲು ಮರೆತು ಹಾಗೆಯೇ ಗುಣಿಸಿ, ಎಂಟರಲ್ಲಿ ಮೂರು ಎಂಬ ಉತ್ತರವನ್ನು ಪಟಾಕಿಯ ಸದ್ದಿನೊಂದಿಗೆ ಸಿಡಿಸಿದಿರಿ. ನಾನು ಹಿಂದಿನ ಬೆಂಚಿನಲ್ಲಿ ಬೆಚ್ಚಿದೆ. ಅಷ್ಟರಲ್ಲಿ, ಯಾವಾಗಲೂ ಕಿಟಕಿಯ ಪಕ್ಕ ಕೂರುವ, ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅವರು ತಿರುಗಿಸ್ಲೇ ಇಲ್ಲ" ಎಂದಳು.

ಮಾನ್ಯರೇ, ಇನ್ನು ಮುಂದಿನದು ತಮ್ಮ ಮೇಲಿನ ದೂರಲ್ಲ. ಅವಳು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು, ಒಂದಲ್ಲ, ಇಪ್ಪತ್ತಾರು ವರ್ಷಗಳಿಂದ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ಸುಮ್ನೆ ಕೂತ್ಕೊಂಡು ನೋಡಮ್ಮ, ಅಷ್ಟು ದೊಡ್ಡವರಿಗೆ ಗೊತ್ತಿಲ್ವಾ?" ಎಂಬ ಮಾತು. ಅವಳು ಕೂತಳು. ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಮೂವತ್ತೆಂಟು ಮಕ್ಕಳು ಎಂಟರಲ್ಲಿ ಮೂರು ಎಂದು ಬರೆದರು, ಅವಳೊಬ್ಬಳು ಒಂದೂವರೆ ಎಂದು ಬರೆದಳು. ತಿದ್ದಲು ಕೂತಾಗ ನಾನು ತಮ್ಮ ವಿಡಿಯೋವನ್ನು ಇನ್ನೊಮ್ಮೆ ನೋಡಿದೆ. ಹದಿನಾಲ್ಕು ಲಕ್ಷ ಜನ ಒಪ್ಪಿದ ಉತ್ತರ; ಯಾರೂ ಚಕಾರ ಎತ್ತಿಲ್ಲ. ಲೋಕದಲ್ಲಿ ಗಣಿತವೇ ಬದಲಾಗಿದ್ದು ನಮ್ಮ ಶಾಲೆಗೆ ಸುತ್ತೋಲೆ ಬಂದಿಲ್ಲವೇನೋ ಎಂದುಕೊಂಡು ಮೂವತ್ತೆಂಟಕ್ಕೆ ಸರಿ ಗುರುತು ಹಾಕಿ, ಅವಳ ಒಂದೂವರೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಆ ಗೆರೆಯನ್ನು ಸ್ಕೇಲಿಟ್ಟು ನೇರವಾಗಿ ಎಳೆದೆನೆಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ.

ಎರಡು ದಿನ ಬಿಟ್ಟು ಅವಳ ತಾಯಿ ಬಂದರು. ಬಟ್ಟೆ ಹೊಲಿಯುವವರು, ಕೊರಳಲ್ಲಿ ಅಳತೆ ಟೇಪು ಹಾಗೇ ತೂಗುತ್ತಿತ್ತು. ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಬಹಳ ವಿನಯದಿಂದ ಕೇಳಿದರು: "ಸಾರ್, ನಾನು ಓದಿದ್ದು ಕಮ್ಮಿ, ತಪ್ಪು ತಿಳ್ಕೋಬೇಡಿ. ಮುಕ್ಕಾಲು ಮೀಟರ್ ಬಟ್ಟೆ ಇದೆ. ಅರ್ಧರ್ಧ ಮೀಟರಿನ ತುಂಡು ಕತ್ತರಿಸ್ತೀನಿ. ಒಂದು ತುಂಡು ಪೂರ್ತಿ ಬರುತ್ತೆ, ಇನ್ನೊಂದರಲ್ಲಿ ಅರ್ಧ ಬರುತ್ತೆ. ಒಂದೂವರೆ ಆಯ್ತಲ್ವಾ? ನೀವು ಸರಿ ಅಂದಿರೋ ಉತ್ತರದಲ್ಲಿ ಒಂದು ತುಂಡೂ ಬರಲ್ಲ. ಹಾಗಾದ್ರೆ ಮಿಕ್ಕ ಬಟ್ಟೆ ಯಾರು ತಿಂದ್ರು ಸಾರ್?"

ನಾನು ಉತ್ತರಪತ್ರಿಕೆಯನ್ನು ತಿರುಗಿಸಿ ಅದರ ಹಿಂಬದಿ ನೋಡಿದೆ. ಅವರೇ ಮುಂದುವರಿದು, "ಅಂಕ ಹೋದ್ರೆ ಹೋಗ್ಲಿ ಸಾರ್. ಆದ್ರೆ ಇವಳು ಮನೇಲಿ ನಂಗೇ 'ನಿಂಗೇನೂ ಗೊತ್ತಿಲ್ಲ, ಸುಮ್ನಿರಮ್ಮ' ಅಂದ್ಳು. ಹಾಗೆ ಅನ್ನೋ ಹುಡುಗಿ ಅಲ್ಲ ಅವಳು" ಎಂದರು. ಆ ಮಾತನ್ನು ಅವಳು ಎಲ್ಲಿ ಕಲಿತಳೆಂದು ನನಗೆ ಚೆನ್ನಾಗಿ ಗೊತ್ತಿತ್ತು; ಆ ತಿಂಗಳಿಡೀ ನಾನು ಸ್ವತಃ ಮಾಡಿದ್ದ ಪಾಠ ಅದೊಂದೇ.

ಮರುದಿನವೇ ಇನ್‌ಸ್ಪೆಕ್ಟರು ಬಂದರು. ಮುಖ್ಯೋಪಾಧ್ಯಾಯಿನಿಯವರು ಅವರನ್ನು ಹಿಂದಿನ ಬೆಂಚಿನಲ್ಲಿ, ನನ್ನ ಎಂದಿನ ಜಾಗದಲ್ಲೇ ಕೂರಿಸಿದರು. ನಾನು ಏಳನೆಯ ವಿಡಿಯೋ ಹಾಕಿ, ಪಟಾಕಿ ಸಿಡಿದ ಕೂಡಲೇ ನಿಲ್ಲಿಸಿ, ಪರದೆಯ ಮುಂದೆ ಹೋಗಿ ನಿಂತೆ. ತಮ್ಮ ನಗುಮುಖದ ಅರ್ಧ ಭಾಗ ನನ್ನ ಅಂಗಿಯ ಮೇಲೆ ಬಿದ್ದಿತ್ತು. "ಮಕ್ಕಳೇ, ಇದು ತಪ್ಪು. ಇದಕ್ಕೆ ನಾನು ಸರಿ ಹಾಕಿದ್ದೂ ತಪ್ಪು. ಒಂದೂವರೆ ಅಂತ ಬರೆದವಳದ್ದೇ ಸರಿ" ಎಂದು ಹೇಳಿ ಕಿಟಕಿ ಪಕ್ಕದ ಹುಡುಗಿಯನ್ನು ಕರೆದೆ. ಸಿಬ್ಬಂದಿ ಕೊಠಡಿಯ ಕಿಟಕಿಯ ಹಳೆಯ ಪರದೆ ಬಟ್ಟೆಯಿಂದ ಮುಕ್ಕಾಲು ಮೀಟರ್ ಕತ್ತರಿಸಿ ತಂದಿದ್ದೆ. ಅವಳು ತಾಯಿಯ ಹಾಗೇ ತುಟಿ ಬಿಗಿಹಿಡಿದು, ಅಳೆದು, ಒಂದೇ ಬೀಸಿಗೆ ಅರ್ಧ ಮೀಟರ್ ತುಂಡು ಮಾಡಿ, ಮಿಕ್ಕದ್ದನ್ನು ಎಲ್ಲರೂ ನೋಡುವಂತೆ ಅದರ ಮೇಲೆ ಹಾಸಿದಳು. ಮಿಕ್ಕದ್ದು ಸರಿಯಾಗಿ ಅರ್ಧ ತುಂಡಿನಷ್ಟಿತ್ತು. ತರಗತಿಯಲ್ಲಿ "ಓಹೋ" ಎಂಬ ಸದ್ದು ಎದ್ದಿತು. ಕುಣಿಯುವ ಅಂಕಿಗಳಿಗೆ ಸಹ ಅಂಥ ಸದ್ದು ಬಂದದ್ದನ್ನು ನಾನು ಕೇಳಿರಲಿಲ್ಲ.

ಆಗ ಒಬ್ಬ ಹುಡುಗ ಎದ್ದು, "ಸಾರ್, ಅದು ತಪ್ಪು ಅಂತ ನಿಮಗೆ ಅವತ್ತೇ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಅವರ ಹಿಂದೆ ಸಂಗೀತ ಇತ್ತಪ್ಪ. ನನ್ನ ಹಿಂದೆ ಬರೀ ಬೋರ್ಡಿತ್ತು" ಎಂದೆ. ಮೂವತ್ತೊಂಬತ್ತು ಮಕ್ಕಳೂ ನಕ್ಕರು. ಕಿಟಕಿ ಪಕ್ಕದವಳೂ ನಕ್ಕಳು. ಮೂವತ್ತೆಂಟು ಅಂಕಗಳು ವಾಪಸು ಹೋಗುವುದೆಂದು ತಿಳಿದ ಮೇಲೆ ಮಾತ್ರ ನಗು ಸ್ವಲ್ಪ ತಗ್ಗಿತು.

ಇನ್‌ಸ್ಪೆಕ್ಟರು ತಮ್ಮ ವರದಿಯಲ್ಲಿ ಬರೆದದ್ದನ್ನು ಯಥಾವತ್ತಾಗಿ ಉಲ್ಲೇಖಿಸುತ್ತೇನೆ: "ಅಧ್ಯಾಪಕರು ತಪ್ಪಿರುವ ವಿಡಿಯೋವನ್ನೇ ಜಾಣ್ಮೆಯಿಂದ ಹುಡುಕಿ ಬಳಸಿದ್ದಾರೆ. ಪಶ್ಚಾತ್ತಾಪ ಪಡುವ ಅಧ್ಯಾಪಕನ ಪಾತ್ರದಲ್ಲಿ ಅವರ ಅಭಿನಯ ಸಹಜವಾಗಿತ್ತು." ಇಪ್ಪತ್ತಾರು ವರ್ಷಗಳಲ್ಲಿ ತರಗತಿಯೊಳಗೆ ನಾನು ಪೂರ್ತಿ ನಿಜವಾಗಿದ್ದ ಆ ಹತ್ತು ನಿಮಿಷವೇ ನನ್ನ ಸೃಜನಶೀಲತೆಯೆಂದು ದಾಖಲಾಗಿದೆ. ಅದು ಅಭಿನಯವಲ್ಲವೆಂದು ಹೇಳಲು ಅವರ ಬೆನ್ನ ಹಿಂದೆಯೇ ಓಡಿದೆ. "ವಿನಯ ಬಹಳ" ಎಂದು ಅದನ್ನೂ ಬರೆದುಕೊಂಡರು.

ತಮ್ಮ ತಪ್ಪನ್ನು ತಮ್ಮ ಗಮನಕ್ಕೂ ತಂದಿದ್ದೇನೆ. ವಿಡಿಯೋದ ಕೆಳಗೆ ನಾನು ಬರೆದ ಹನ್ನೊಂದು ಸಾಲಿನ ವಿವರಣೆಗೆ ತಾವು ಒಂದು ಕೆಂಪು ಹೃದಯವನ್ನು ಅನುಗ್ರಹಿಸಿದ್ದೀರಿ. ನನ್ನ ಹೆಂಡತಿ ಅದನ್ನು ನೋಡಿ ಯಾರಿದು ಎಂದು ವಿಚಾರಿಸಿದ್ದಾಳೆ. ಈಗ ನನ್ನ ಪ್ರಾರ್ಥನೆಯೆಂದರೆ, ದಯವಿಟ್ಟು ಆ ವಿಡಿಯೋವನ್ನು ತಿದ್ದಬೇಡಿ. ಮುಖ್ಯೋಪಾಧ್ಯಾಯಿನಿಯವರು ನನ್ನ ಪಾಠಯೋಜನೆಯನ್ನು ಸುತ್ತಲಿನ ಎಲ್ಲ ಶಾಲೆಗಳಿಗೂ ಕಳಿಸಿಬಿಟ್ಟಿದ್ದಾರೆ. ತಾವು ಸರಿಯಾಗಿಬಿಟ್ಟರೆ ಮೂವತ್ತು ಮಂದಿ ಅಧ್ಯಾಪಕರ ಸೃಜನಶೀಲತೆ ಬೀದಿಗೆ ಬೀಳುತ್ತದೆ. ಜೊತೆಗೆ, ಒಂದು ಮಧ್ಯಾಹ್ನ ತಾವು ಪರದೆಯಿಂದ ಇಳಿದು ನಮ್ಮ ತರಗತಿಗೇ ಬಂದು, ಒಬ್ಬ ನೀರು ಕುಡಿಯಲು ಹೋಗಲೇ ಎಂದು ಕೇಳುವಾಗ, ಇನ್ನೊಬ್ಬಳು ಪೆನ್ಸಿಲ್ ಕದ್ದರೆಂದು ಅಳುವಾಗ, ಅಂಕಿಗಳನ್ನು ಒಮ್ಮೆ ಕುಣಿಸಿ ತೋರಿಸಬೇಕೆಂದು ಕೋರುತ್ತೇನೆ. ಬರುವಾಗ ಬಾಗಿಲಲ್ಲಿ ತಲೆ ಬಗ್ಗಿಸಿ.

ಹದಿನಾಲ್ಕು ಲಕ್ಷದಲ್ಲಿ ಲೆಕ್ಕಕ್ಕೆ ಸಿಗದ,
ತಮ್ಮ ವಿಶ್ವಾಸಿ,
ಆರನೇ ತರಗತಿಯ ಗಣಿತದ ಮೇಷ್ಟ್ರು

ಮರೆತ ಮಾತು: ಮುಂದಿನ ಪಾಠ ದಶಮಾಂಶ. ನಮ್ಮ ಮಕ್ಕಳು ಈಗ ತಮ್ಮ ವಿಡಿಯೋಗಳನ್ನು ಮನೆಯಲ್ಲಿ ಮೂರು ಮೂರು ಸಲ ನೋಡಿ ತಪ್ಪು ಹುಡುಕುತ್ತಿದ್ದಾರೆ. ತಮ್ಮ ವೀಕ್ಷಕರ ಸಂಖ್ಯೆ ಏರಿದ್ದರೆ ಅದು ಅಭಿಮಾನವೆಂದು ಭ್ರಮಿಸಬಾರದು. ಬೋರ್ಡಿನ ಮೇಲೂ ಅವರದ್ದು ಅದೇ ಕಣ್ಣು. ತಮ್ಮಲ್ಲಿ ಹೊಸದಾಗಿ ಇನ್ನೂ ಏನೂ ಸಿಕ್ಕಿಲ್ಲ. ನನ್ನವು ನಿನ್ನೆ ಒಂದೇ ದಿನ ಎರಡು ಸಿಕ್ಕಿವೆ.