ಆರ್ವಿಲ್ ಊರು ಆರಿಸಿದ್ದು

ದಕ್ಷಿಣದ ಕಾಲೇಜು ಊರುಗಳಲ್ಲಿ ಬಾಳಿ ಬದುಕಲು ಎಲ್ಲಕ್ಕಿಂತ ಒಳ್ಳೆಯ ಊರು ಯಾವುದು ಎಂಬ ಪ್ರಶ್ನೆಗೆ ಇದುವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ, ತಾನು ನಾಲ್ಕೇ ವಾರದಲ್ಲಿ ಕೊಡುತ್ತೇನೆ ಎಂದು ಆರ್ವಿಲ್ ಟಿಡ್‌ವೆಲ್ ಚರ್ಚಿನ ಭಾನುವಾರದ ಊಟದಲ್ಲಿ, ಕರಿದ ಕೋಳಿಯ ಕಾಲೊಂದನ್ನು ರಾಜದಂಡದಂತೆ ಎತ್ತಿ ಹಿಡಿದು, ಘೋಷಿಸಿಬಿಟ್ಟ!

"ಊರು ಆರಿಸೋದು ಅಂದ್ರೆ ಕಲ್ಲಂಗಡಿ ಆರಿಸಿದ ಹಾಗಲ್ಲ, ತಟ್ಟಿ ನೋಡಿ ತಗೊಳ್ಳೋಕೆ. ಸರ್ವೆಯರ್ ಆಗಿ ನಲವತ್ತೊಂದು ವರ್ಷ ಈ ಅಲಬಾಮಾದ ನೆಲ ಅಳೆದಿದೀನಿ. ನೆಲ ನನ್ನ ಹತ್ರ ಸುಳ್ಳು ಹೇಳಲ್ಲ!"

ಅವನ ಹೆಂಡತಿ ಮಾವಿಸ್ ಮೇಜಿನ ಆ ತುದಿಯಲ್ಲಿ ಕೂತು ಮೆಕ್ಕೆಜೋಳದ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ನೆಲ ಇರಲಿ. ಮನೆ ಮಾರಿದೀನಿ ಅಂತ ಇವ್ರಿಗೆ ಹೇಳಿದ್ಯಾ?"

ಊಟಕ್ಕೆ ಕೂತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

ಹೌದು, ಮಾರಿದ್ದ. ಡೋಥನ್ ಪಟ್ಟಣದಲ್ಲಿ ಮೂವತ್ತು ವರ್ಷ ಇದ್ದ ಮನೆ. 'ಮಾರಾಟಕ್ಕಿದೆ' ಎಂಬ ಫಲಕ ನೆಟ್ಟ ಮೂರನೇ ದಿನವೇ ಗಿರಾಕಿ ಬಂದು ಕೇಳಿದ್ದಕ್ಕೆ, ಆ ಹುಮ್ಮಸ್ಸಿನಲ್ಲಿ ಆರ್ವಿಲ್ ಸಹಿ ಜಡಿದಿದ್ದ. ಅಕ್ಟೋಬರ್ ಕೊನೆಗೆ ಬೀಗದ ಕೈ ಒಪ್ಪಿಸಬೇಕು. ಹೋಗುವುದೆಲ್ಲಿಗೆ ಎಂಬುದಿನ್ನೂ ಸಂಶೋಧನೆಯ ಹಂತದಲ್ಲಿತ್ತು.

ಕಾಲೇಜು ಊರೇ ಆಗಬೇಕು ಎಂದವಳು ಮಾವಿಸ್. ಶಾಲೆಯ ಅಡುಗೆಮನೆಯ ಉಸ್ತುವಾರಿಯಾಗಿ ಇಪ್ಪತ್ತಾರು ವರ್ಷ ದಿನಕ್ಕೆ ಒಂಬೈನೂರು ಮಕ್ಕಳಿಗೆ ಉಣಬಡಿಸಿದವಳು. ತಾನು ಮಾತ್ರ ಹನ್ನೆರಡನೇ ತರಗತಿಯ ಆಚೆ ಹೊಸ್ತಿಲು ದಾಟಿದವಳಲ್ಲ. ಇದನ್ನು ಅವಳು ಆರ್ವಿಲ್‌ಗೆ ಒಂದೇ ಒಂದು ಸಲ ಹೇಳಿದ್ದಳು. ಅವನು ಒಂದೇ ಒಂದು ಕಿವಿಯಲ್ಲಿ ಕೇಳಿಸಿಕೊಂಡಿದ್ದ.

ಊಟ ಮುಗಿಸಿ ಮನೆಗೆ ಬಂದವನೇ ಆರ್ವಿಲ್ ಗೋಡೆಯಗಲದ ಕಾಗದದ ಮೇಲೆ ಕೋಷ್ಟಕ ಬರೆದ. ಎಡಕ್ಕೆ ಒಂಬತ್ತು ಊರು, ಮೇಲೆ ಮೂವತ್ತೊಂದು ಕಾಲಂ. ಆಸ್ಪತ್ರೆ ಎಷ್ಟು ದೂರ, ಕಾಲುದಾರಿ ಎಷ್ಟು ಇಳಿಜಾರು, ನೆರಳಿನ ಮರ ಎಷ್ಟು, ಮಳೆನೀರು ಎತ್ತ ಹರಿಯುತ್ತದೆ, ಹಂದಿಮಾಂಸವನ್ನು ಹೊಗೆಯಲ್ಲಿ ಹದವಾಗಿ ಬೇಯಿಸುವ ಅಂಗಡಿ ಎಷ್ಟು.

ಮಾವಿಸ್ ಕನ್ನಡಕ ಹಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಓದಿದಳು.

"ಚರಂಡಿಗೆ ನಾಲ್ಕು ಕಾಲಂ ಇದೆ. ನಾನೆಲ್ಲಿ?"

"ನೀನು 'ಇತರೆ'ಯಲ್ಲಿ ಬರ್ತೀಯ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೋಳೀನ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ?" ಎಂದು ನಕ್ಕ ಆರ್ವಿಲ್. ನಗು ಮುಗಿಯುವ ಮೊದಲೇ ತಾನು ಹೆಂಡತಿಯನ್ನು ಏನೆಂದು ಕರೆದೆ ಎಂಬುದು ಹೊಳೆಯಿತು. ಆ ರಾತ್ರಿಯ ಊಟಕ್ಕೆ ಅವನಿಗೆ ಸಿಕ್ಕಿದ್ದು ಬಿಸ್ಕತ್ತು.

ಸೋಮವಾರ ಹೊರಟರು. ಡಿಕ್ಕಿಯಲ್ಲಿ ಸೂಟ್‌ಕೇಸ್ ಎರಡು, ಮತ್ತು ಆರ್ವಿಲ್‌ನ ಆಯುಧಗಳು: ಉದ್ದ ಹಿಡಿಯ ಅಳತೆ ಗಾಲಿ, ನೆಲದ ಮೇಲೆ ಒತ್ತಿ ಸಿಂಪಡಿಸಿ ಗುರುತು ಹಾಕುವ ಕಿತ್ತಳೆ ಬಣ್ಣದ ಡಬ್ಬಿ, ತಲೆಗೆ ಬೇಟೆಯ ಕಾಲದಲ್ಲಿ ಹಾಕುವ ಕಿತ್ತಳೆ ಟೋಪಿ. ಗಾಲಿಯನ್ನು ತಳ್ಳಿಕೊಂಡು ಹೋದರೆ ಅಡಿಗೊಂದು ಸಲ 'ಟಿಕ್' ಅನ್ನುತ್ತಿತ್ತು. ಜಾರ್ಜಿಯದ ಅಥೆನ್ಸ್‌ನಲ್ಲಿ ಅದು ಟಿಕ್ ಟಿಕ್ ಎನ್ನುತ್ತ ಗುಡ್ಡ ಹತ್ತಿ, ಟಿಕ್ ಟಿಕ್ ಎನ್ನುತ್ತ ಇಳಿದು, ಸೀದಾ ಒಂದು ಮದುವೆಯ ಫೋಟೊದೊಳಗೆ ನುಗ್ಗಿತು. ವಧು ಸಭ್ಯಸ್ಥೆ, ಏನೂ ಅನ್ನಲಿಲ್ಲ. ವಧುವಿನ ಅಜ್ಜಿ ಅಷ್ಟು ಸಭ್ಯಸ್ಥೆಯಲ್ಲ! ಶನಿವಾರ ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ಗೆ ಹೋದರೆ ಅಂದು ಫುಟ್‌ಬಾಲ್ ಪಂದ್ಯ. ಅರವತ್ತು ಮೈಲಿ ಸುತ್ತಳತೆಯಲ್ಲಿ ಒಂದು ಕೋಣೆ ಖಾಲಿಯಿಲ್ಲ. ಮರದಡಿಯ ಡೇರೆಯೊಂದರಲ್ಲಿ ಯಾರೋ ಪುಣ್ಯಾತ್ಮರು ಇವರ ಗುರುತು ಪರಿಚಯ ಕೇಳದೆಯೇ ಕೈಗೆ ತಟ್ಟೆ ಕೊಟ್ಟು ಊಟ ಹಾಕಿದರು. ಆರ್ವಿಲ್ ಬಾಯೊರೆಸಿಕೊಂಡು ಡೇರೆಯ ಯಜಮಾನಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಬೀದೀಲಿ ಚರಂಡಿ ಕಟ್ಟಿಕೊಳ್ಳತ್ತಾ ಅಮ್ಮಾ?"

ಎರಡನೇ ಸಲ ಬಡಿಸಲು ಆಕೆ ಬರಲಿಲ್ಲ.

ಮರುವಾರದ ಮಂಗಳವಾರ, ಮೂರನೆಯ ಊರಿಗೆ ಹೋಗುವ ದಾರಿಯಲ್ಲಿ ಕಾರು ಬುಸ್ಸೆಂದು ಹೊಗೆ ಬಿಟ್ಟು ನಿಂತಿತು. ನಿಂತದ್ದು ವಿನ್‌ಬರ್ನ್ ಎಂಬ ಊರಿನಲ್ಲಿ. ಪುಟ್ಟ ಕಾಲೇಜು, ಒಂದು ಚೌಕ, ಎರಡು ಟ್ರಾಫಿಕ್ ದೀಪ. ಅದರಲ್ಲಿ ಒಂದು ಕೆಟ್ಟಿತ್ತು. ಆರ್ವಿಲ್‌ನ ಒಂಬತ್ತರಲ್ಲಿ ಅದರ ಹೆಸರೇ ಇರಲಿಲ್ಲ.

"ಸಾಮಾನು ಮೆಂಫಿಸ್‌ನಿಂದ ಬರಬೇಕು," ಎಂದ ಮೆಕ್ಯಾನಿಕ್. "ಮೂರು ದಿನ ಆಗತ್ತೆ. ನಾಲ್ಕೂ ಆಗಬಹುದು."

ಮೂರು ದಿನ ಕೈ ಕಟ್ಟಿ ಕೂರುವ ಜಾಯಮಾನವಲ್ಲ ಆರ್ವಿಲ್‌ನದು. "ಹತ್ತನೇ ಊರು ಅಂತ ಇದನ್ನೂ ಅಳೆದುಬಿಡ್ತೀನಿ," ಎಂದ.

"ಅಳತೆ ಮಾಡ್ಕೋ. ನಾನು ಲೈಬ್ರರಿಗೆ ಹೋಗಿರ್ತೀನಿ. ಅಲ್ಲಿ ತಂಪಾಗಿದೆ, ಟಿಕ್ ಟಿಕ್ ಇಲ್ಲ," ಎಂದಳು ಮಾವಿಸ್. ಬುಧವಾರ ಹೋದವಳು ಸಂಜೆಗೆ ಬಂದಳು. ಗುರುವಾರ ಬೆಳಿಗ್ಗೆಯೇ ಹೋದಳು. "ಏನು ಓದಿದೆ?" ಎಂದು ಆರ್ವಿಲ್ ಕೇಳಲಿಲ್ಲ. ಅವನು ಆಗ ವಿನ್‌ಬರ್ನ್‌ನ ಇಳಿಜಾರುಗಳನ್ನು ಕೂಡಿಸುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಊರಿನ ಮಧ್ಯಬಿಂದುವಿನಿಂದ ಆಸ್ಪತ್ರೆಯವರೆಗೆ ಅಳೆಯಲು ಹೊರಟ. ಮಧ್ಯಬಿಂದು ಎಂದರೆ ಕಾಲೇಜಿನ ಹುಲ್ಲುಹಾಸಿನಲ್ಲಿ ನಿಂತಿರುವ ಕಂಚಿನ ಕರಡಿ. ಅದು ಕಾಲೇಜಿನ ಫುಟ್‌ಬಾಲ್ ತಂಡದ ಕುಲದೇವತೆ. ಮರುದಿನ ಬದ್ಧವೈರಿಗಳ ಜೊತೆ ಪಂದ್ಯ. ವೈರಿಗಳ ಬಣ್ಣ ಕಿತ್ತಳೆ. ಪ್ರತಿ ವರ್ಷ ಪಂದ್ಯದ ಹಿಂದಿನ ದಿನ ಅವರ ಕಡೆಯವರು ಯಾರಾದರೂ ಕದ್ದು ಬಂದು ಕರಡಿಗೆ ಕಿತ್ತಳೆ ಬಣ್ಣ ಬಳಿದು ಓಡುವುದು ಪದ್ಧತಿ. ಅದಕ್ಕೇ ಕರಡಿಯ ಸುತ್ತಲಿನ ಪೊದೆಗಳ ಹಿಂದೆ ಹದಿನಾಲ್ಕು ವಿದ್ಯಾರ್ಥಿಗಳು ಕಾವಲು ಕೂತಿದ್ದರು.

ಇದ್ಯಾವುದೂ ಆರ್ವಿಲ್‌ನ ಮೂವತ್ತೊಂದು ಕಾಲಂಗಳಲ್ಲಿ ಇರಲಿಲ್ಲ!

ಕಿತ್ತಳೆ ಟೋಪಿ ಹಾಕಿದ ಮುದುಕನೊಬ್ಬ ಟಿಕ್ ಟಿಕ್ ಎಂದು ಕರಡಿಯ ಬುಡಕ್ಕೆ ಬಂದ. ಆ ಕಡೆ ಈ ಕಡೆ ನೋಡಿದ. ಬಗ್ಗಿದ. ಜೇಬಿನಿಂದ ಡಬ್ಬಿ ತೆಗೆದು ಗಲಗಲ ಅಲ್ಲಾಡಿಸಿದ.

"ಹಿಡೀರೋ!"

ಪೊದೆಗಳು ಎದ್ದು ಓಡಿ ಬಂದವು. ನೆಲದ ಮೇಲೆ ಒಂದು ಚುಕ್ಕೆ ಇಡಲು ಹೊರಟಿದ್ದ ಬೆರಳು ಗಾಬರಿಯಲ್ಲಿ ಗಟ್ಟಿಯಾಗಿ ಒತ್ತಿತು. ಕರಡಿಯ ಎಡಗಾಲಿನ ಮೂರು ಉಗುರುಗಳಿಗೆ ಕಿತ್ತಳೆ ಬಣ್ಣ ಹತ್ತಿತು. ನಾಲ್ಕನೆಯ ಉಗುರನ್ನು ಒಬ್ಬ ಹುಡುಗಿ ತನ್ನ ಅಂಗೈ ಅಡ್ಡ ಹಿಡಿದು ಕಾಪಾಡಿದಳು. ಇಂಥ ತ್ಯಾಗ ಆ ಕಾಲೇಜು ಹಿಂದೆಂದೂ ಕಂಡಿರಲಾರದು.

"ನಾನು ಆಸ್ಪತ್ರೆಗೆ ಹೋಗ್ತಿದ್ದೆ ಕಣ್ರಪ್ಪಾ!" ಎಂದು ಹುಲ್ಲಿನ ಮೇಲೆ ಬೋರಲಾಗಿದ್ದ ಆರ್ವಿಲ್ ಕೂಗಿದ.

"ನಾವೇ ಕಳಿಸ್ತೀವಿ ತಾತ," ಎಂದ ಒಬ್ಬ.

ಕಾಲೇಜಿನ ಪೊಲೀಸ್ ಠಾಣೆಯಲ್ಲಿ ಸಾರ್ಜೆಂಟ್ ಬೋಗನ್ ಎಂಬ ದಪ್ಪ ದನಿಯ ಹೆಂಗಸು ಟೋಪಿಯನ್ನೂ ಡಬ್ಬಿಯನ್ನೂ ಗಾಲಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಎಷ್ಟು ವರ್ಷ ಸರ್ ನಿಮಗೆ?"

"ಅರವತ್ತೆಂಟು."

"ಈ ವಯಸ್ಸಲ್ಲಿ ಬೇಕಿತ್ತಾ? ಯಾವ ತಂಡದೋರು?"

"ಯಾವ ತಂಡಾನೂ ಅಲ್ಲಮ್ಮಾ. ನಾನು ಬರೀ ಅಳತೆ ಮಾಡ್ತಿದ್ದೆ."

"ಕರಡಿಗೆ ಅಂಗಿ ಹೊಲಿಸೋಕಾ?"

ಕರಡಿಯ ಉಗುರುಗಳನ್ನು ಅವನೇ ಉಜ್ಜಿ ತೆಗೆಯಬೇಕು ಎಂದು ತೀರ್ಮಾನವಾಯಿತು. ಹಲ್ಲುಜ್ಜುವ ಬ್ರಷ್ಷು, ಒಂದು ಬಕೆಟ್ಟು. ಆರ್ವಿಲ್ ಮಂಡಿಯೂರಿ ಉಜ್ಜುತ್ತಿದ್ದರೆ ಪಂದ್ಯದ ತಾಲೀಮಿಗೆ ಬಂದ ಬ್ಯಾಂಡಿನವರು ಸುತ್ತ ನಿಂತು, ಒಂದೊಂದು ಉಗುರು ಬೆಳಗಿದಾಗಲೂ ಡೋಲು ಬಾರಿಸಿ ಚಪ್ಪಾಳೆ ತಟ್ಟಿದರು. ನಲವತ್ತೊಂದು ವರ್ಷದ ನೌಕರಿಯಲ್ಲಿ ಅವನ ಕೆಲಸಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಮತ್ತೆ ಠಾಣೆಗೆ ಬಂದಾಗ ಸಾರ್ಜೆಂಟ್ ಬೋಗನ್ ಹೇಳಿದಳು: "ಸರಿ, ಬಿಡ್ತೀನಿ. ಆದರೆ ಸುಮ್ನೆ ಬಿಡೋ ಹಾಗಿಲ್ಲ. ಇಲ್ಲಿ ಓದೋರು, ಇಲ್ಲ ಕೆಲಸ ಮಾಡೋರು ಯಾರಾದ್ರೂ ಬಂದು ನಿಮ್ಮ ಜವಾಬ್ದಾರಿ ಹೊತ್ತು ಸಹಿ ಹಾಕಬೇಕು. ಯಾರಿದಾರೆ ಇಲ್ಲಿ ನಿಮ್ಮೋರು?"

"ಯಾರೂ ಇಲ್ಲ. ಹೆಂಡ್ತಿ ಒಬ್ಬಳಿದಾಳೆ. ಲೈಬ್ರರೀಲಿ."

ಫೋನ್ ಮಾಡಿದರೆ ಮಾವಿಸ್ ಎತ್ತಲಿಲ್ಲ. ಸಹಿ ಹಾಕುವವರು ಬೇಕು, ಠಾಣೆಗೆ ಬನ್ನಿ ಎಂದು ಸಂದೇಶ ಬಿಟ್ಟದ್ದಾಯಿತು. ನಲವತ್ತು ನಿಮಿಷದ ಮೇಲೆ ತಾನೇ ಬಂದಳು. ಎದೆಗೆ ಒಂದು ನೋಟ್‌ಬುಕ್ ಅವಚಿಕೊಂಡಿದ್ದಳು. ಕೆನ್ನೆ ಕೆಂಪಗಿತ್ತು.

"ಕ್ಲಾಸಲ್ಲಿ ಫೋನ್ ಎತ್ತೋ ಹಾಗಿಲ್ಲ," ಎಂದವಳೇ ಕೈಚೀಲದಿಂದ ತನ್ನ ಫೋಟೊ ಇದ್ದ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ನಾನೇ ಸಹಿ ಹಾಕ್ತೀನಿ. ಇಲ್ಲೇ ಓದ್ತಿದೀನಿ."

ಆರ್ವಿಲ್ ಕಾರ್ಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ.

ನಡೆದದ್ದಿಷ್ಟು. ಬುಧವಾರ ಲೈಬ್ರರಿಯ ದಾರಿ ತಪ್ಪಿ ಅವಳು ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಡುಗೆಯ ರಸಾಯನಶಾಸ್ತ್ರ. ಮಜ್ಜಿಗೆಗೆ ಸೋಡಾ ಬಿದ್ದರೆ ಮೆಕ್ಕೆಜೋಳದ ರೊಟ್ಟಿ ಯಾಕೆ ಉಬ್ಬುತ್ತದೆ, ಸೋಡಾ ಹೆಚ್ಚಾದರೆ ರುಚಿ ಯಾಕೆ ಕೆಡುತ್ತದೆ ಎಂದು ಪ್ರೊಫೆಸರಮ್ಮ ಕೇಳಿದಾಗ ಇಡೀ ತರಗತಿ ನೆಲ ನೋಡಿತು. ಒಂಬೈನೂರು ಮಕ್ಕಳ ರೊಟ್ಟಿ ಹದ ಮಾಡಿದ ಕೈ ತಾನಾಗಿ ಮೇಲೆದ್ದಿತು. ಅರವತ್ತೈದು ದಾಟಿದವರಿಗೆ ಇಲ್ಲಿ ಶುಲ್ಕವಿಲ್ಲ ಎಂದು ಪ್ರೊಫೆಸರಮ್ಮನೇ ಅವಳನ್ನು ಕಚೇರಿಗೆ ಕರೆದೊಯ್ದು ಹೆಸರು ಬರೆಸಿದ್ದಳು. ಆಕೆಯ ಹಿತ್ತಲಿನ ಎರಡು ಕೋಣೆಯ ಮನೆ ನವೆಂಬರ್ ಒಂದರಿಂದ ಬಾಡಿಗೆಗೆ ಸಿಗುತ್ತಿತ್ತು. ಅದನ್ನೂ ಮಾತಾಡಿಯಾಗಿತ್ತು.

"ಮತ್ತೆ ನನಗ್ಯಾಕೆ ಹೇಳಲಿಲ್ಲ?" ಆರ್ವಿಲ್‌ನ ದನಿ ಸಣ್ಣಗಾಗಿತ್ತು.

"ಎರಡು ಸಂಜೆ ಹೇಳೋಕೆ ಬಂದೆ. ನೀನು 'ಇರು, ಲೆಕ್ಕ ತಪ್ಪತ್ತೆ' ಅಂದೆ." ಮಾವಿಸ್ ಸಹಿ ಹಾಕಿ ಪೆನ್ನು ಕೆಳಗಿಟ್ಟಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಅಂದಳು: "ನನಗೆ ಎಲ್ಲ ಅರ್ಥ ಆಗ್ತಿದೆ ಆರ್ವಿಲ್. ಆಗಲ್ಲವೇನೋ ಅಂತ ಇಷ್ಟು ವರ್ಷ ಹೆದರಿದ್ದೆ. ಆಗ್ತಿದೆ."

ಆರ್ವಿಲ್ ಅವಳ ನೋಟ್‌ಬುಕ್ಕನ್ನು ನೋಡಿದ. ಅವನಿಗೆ ಏನೋ ಹೇಳಬೇಕೆನಿಸಿತು. ಅಳತೆಗೆ ಸಿಗುವ ಮಾತಲ್ಲ ಅದು. "ಬರವಣಿಗೆ ಚೆನ್ನಾಗಿದೆ," ಎಂದ.

"ನನಗೆ ಇನ್ನೊಂದು ಕ್ಲಾಸಿದೆ. ಒಂದು ಗಂಟೆ. ಎಲ್ಲೂ ಹೋಗಬೇಡ, ಏನೂ ಮುಟ್ಟಬೇಡ," ಎಂದು ಕೈಚೀಲವನ್ನು ಅವನ ಕೈಗಿತ್ತು ಮಾವಿಸ್ ಹೊರಟೇಬಿಟ್ಟಳು.

ಸಾರ್ಜೆಂಟ್ ಬೋಗನ್ ಹೊರಗಿನ ಬೆಂಚು ತೋರಿಸಿದಳು. ಅಲ್ಲಿ ಆರ್ವಿಲ್‌ನ ವಯಸ್ಸಿನವನೇ ಒಬ್ಬ, ಮಡಿಲಲ್ಲಿ ಹೆಂಗಸರ ಕೈಚೀಲ ಇಟ್ಟುಕೊಂಡು, ನೆಮ್ಮದಿಯಾಗಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಆರ್ವಿಲ್‌ನ ಕೈಯಲ್ಲಿದ್ದ ಚೀಲವನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ಯಾವ ವರ್ಷ?"

"ಮೊದಲನೇ ವರ್ಷ," ಎಂದ ಆರ್ವಿಲ್.

"ನಮ್ಮೋಳು ಮೂರನೇ ವರ್ಷ." ಒಂದು ಹಿಡಿ ಕಡಲೆಕಾಯಿ ಮುಂದೆ ಹಿಡಿದ. "ಕೂತ್ಕೊಳ್ಳಿ. ಪರೀಕ್ಷೆ ಟೈಮಲ್ಲಿ ಮಾತ್ರ ಮನೇಲಿ ಉಸಿರೆತ್ತಬೇಡಿ."