ಮೇ ತಿಂಗಳ ಲೋಟ

ಇಪ್ಪತ್ತೆರಡು ವರ್ಷಗಳಿಂದ ನಮ್ಮೂರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿ ನಾನು ಸಲ್ಲಿಸಿದ ಸೇವೆಗಳಲ್ಲಿ ಮುಖ್ಯವಾದದ್ದು, ಸದಸ್ಯರಿಗೆ ನಿದ್ರೆ ಬರಿಸಿದ್ದು. ಪ್ರತಿ ಸೆಪ್ಟೆಂಬರಿನ ಮಹಾಸಭೆಯಲ್ಲಿ ನಲವತ್ತೆಂಟು ಪುಟಗಳ ವಾರ್ಷಿಕ ವರದಿ ಕೈಗೆತ್ತಿಕೊಂಡರೆ ಸಾಕು, ಮೂರನೇ ಪುಟಕ್ಕೆ ಮುಂದಿನ ಸಾಲು, ಆರನೇ ಪುಟಕ್ಕೆ ಹಿಂದಿನ ಸಾಲು ಒರಗುತ್ತಿತ್ತು. ಹೋದ ವರ್ಷ ಕಿಟಕಿಯಾಚೆ ಕರೆಂಟ್ ತಂತಿಯ ಮೇಲೆ ಕೂತಿದ್ದ ಕಾಗೆಯೊಂದು ಹನ್ನೊಂದನೇ ಪುಟಕ್ಕೆ ತೂಕಡಿಸಿ ಕೆಳಗೆ ಬಿತ್ತು. (ಏಟಾಗಲಿಲ್ಲ. ಕೆಳಗೆ ನಮ್ಮ ನಿರ್ದೇಶಕರೊಬ್ಬರು ಮಲಗಿದ್ದರು.) ನಮ್ಮದು ಕುಶಾಲನಗರದ ಪಕ್ಕದ ಊರು, ಸಂಘದಲ್ಲಿ ಜಗಳ ಐದು ಭಾಷೆಗಳಲ್ಲಿ ನಡೆಯುತ್ತದೆ, ಗೊರಕೆ ಮಾತ್ರ ಎಲ್ಲರದೂ ಒಂದೇ ಭಾಷೆ.

ನನ್ನ ಸಂಕಟವೆಲ್ಲ ಮೂವತ್ತೇಳನೇ ಪುಟದ್ದು. ಬೇಸಿಗೆಯಲ್ಲಿ ಹಸಿರು ಮೇವಿಲ್ಲದೆ ಹಾಲು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಸಂಘದ ಎರಡು ಎಕರೆ ಖಾಲಿ ಜಾಗದಲ್ಲಿ ಮೇವಿನ ಹುಲ್ಲು ಬೆಳೆಸೋಣ ಎಂದು ನಾಲ್ಕು ವರ್ಷದಿಂದ ಆ ಪುಟದಲ್ಲಿ ಕೋಷ್ಟಕ ಸಮೇತ ಮೊರೆಯಿಡುತ್ತಿದ್ದೇನೆ. ಅಷ್ಟು ಹೊತ್ತಿಗೆ ಎಚ್ಚರವಿರುವವನು ನಾನೊಬ್ಬನೇ. (ಕೆಲವು ಸಲ ನಾನೂ ಇಲ್ಲ.) ಈ ವರ್ಷವಂತೂ ಅಧ್ಯಕ್ಷ ಶಿವಪ್ರಕಾಶ್ ಅದೇ ಜಾಗದಲ್ಲಿ ತಮ್ಮ ಹೆಸರಿನ ಕಮಾನು, ಅದರ ಹಿಂದೊಂದು ರಂಗಮಂದಿರ ಕಟ್ಟಿಸುವ ಠರಾವು ತರುವವರಿದ್ದರು. ಒಮ್ಮೆ ಕಾಂಕ್ರೀಟ್ ಬಿತ್ತೆಂದರೆ ನಮ್ಮ ಹಸುಗಳು ಕಮಾನು ನೆಕ್ಕಿಕೊಂಡಿರಬೇಕು.

ಆಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಅಂಕಿ ಓದಿದರೆ ತಾನೇ ನಿದ್ರೆ? ಚಿತ್ರ ತೋರಿಸಿದರೆ! ಚಾರ್ಟ್ ಪೇಪರ್ ತಂದು, ಒಂದು ಹಸುವಿಗೆ ಸಾವಿರ ಲೀಟರಿನಂತೆ ತಿಂಗಳು ತಿಂಗಳ ಹಸುಗಳನ್ನು ಬರೆದೆ. ಏಪ್ರಿಲ್‌ಗೆ ಆರು ಹಸು. ಮೇ ತಿಂಗಳು ಐದೂವರೆ ಸಾವಿರ ಲೀಟರ್, ಹಾಗಾಗಿ ಐದೂವರೆ ಹಸು.

ನನ್ನ ಧರ್ಮಪತ್ನಿ ಕಾಮಾಕ್ಷಮ್ಮ ಸೌಟು ಹಿಡಿದೇ ಬಂದು ನೋಡಿದಳು.

"ಏನ್ರೀ ಇದು, ನಾಯಿಗಳ ಮೆರವಣಿಗೆ?"

"ಹಸು ಕಣೇ!"

"ಹಾಗಾದ್ರೆ ಈ ಕೊನೇದು?"

"ಅರ್ಧ ಹಸು. ಅಂದ್ರೆ ಐನೂರು ಲೀಟರ್."

"ಮುಂದಿನ ಅರ್ಧ ಬರೆದಿದ್ದೀರಲ್ಲ! ಅದು ಮೇಯೋ ಅರ್ಧ. ಹಾಲು ಕೊಡೋದು ಹಿಂದಿನ ಅರ್ಧ ಅಲ್ವೇನ್ರೀ?"

ಹಿಂದಿನ ಅರ್ಧ ಬರೆದೆ. ಅದನ್ನು ಸಭೆಗೆ ತೋರಿಸುವುದು ಮರ್ಯಾದೆಯಲ್ಲ ಎಂದು ನನಗೇ ಅನ್ನಿಸಿತು.

"ಹಾಲಿನ ವಿಷಯ ಹೇಳೋಕೆ ಹಸು ಯಾಕೆ ಕುಯ್ತೀರಾ? ಹಾಲನ್ನೇ ತೋರ್ಸಿ" ಎಂದು ಅವಳು ಒಳಗೆ ಹೋದಳು. ಮಗಳ ಮದುವೆಯಲ್ಲಿ ಉಡುಗೊರೆ ಬಂದು, ಅಂದಿನಿಂದ ಶೋಕೇಸಿನಲ್ಲಿ ಅಜ್ಞಾತವಾಸದಲ್ಲಿದ್ದ ಹನ್ನೆರಡು ಉದ್ದನೆಯ ಗಾಜಿನ ಲೋಟಗಳು ಹೊರಬಂದವು. ತಿಂಗಳಿಗೊಂದು ಲೋಟ. ಹನ್ನೆರಡು ಸಾವಿರ ಲೀಟರ್ ಬಂದ ಆಗಸ್ಟ್‌ಗೆ ಲೋಟದ ಕಂಠದವರೆಗೆ, ಎಂಟು ಬೆರಳು. ಆರು ಸಾವಿರದ ಏಪ್ರಿಲ್‌ಗೆ ನಾಲ್ಕು ಬೆರಳು. ಮೇಗೆ ಮೂರೂವರೆ ಚಿಲ್ಲರೆ. ಎಲ್ಲಿಯವರೆಗೆ ಹಾಲು ಹೊಯ್ಯಬೇಕೋ ಅಲ್ಲಿಗೆ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟಿನ ಪಾಕೀಟಿನಿಂದ ಒಂದೊಂದು ಬೊಟ್ಟು ಅಂಟಿಸಿದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು! ಕಾಲೇಜು ಮೆಟ್ಟಿಲು ಹತ್ತಿದ ನಾನು ಬಾಯಿ ತೆರೆದು ನಿಂತೆ. ನಲವತ್ತೆಂಟು ಪುಟ ಹನ್ನೆರಡು ಬೊಟ್ಟಿನಲ್ಲಿ ಮುಗಿದಿತ್ತು.

ಸಭೆಯ ದಿನ ಅವಳೇ ವೇದಿಕೆಯ ಮೇಜಿನ ಮೇಲೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಸಾಲಾಗಿ ಲೋಟ ಜೋಡಿಸಿ, ಬೊಟ್ಟಿನವರೆಗೆ ಹಾಲು ಹೊಯ್ದು, ಮೇಲೊಂದು ಪಂಚೆ ಮುಚ್ಚಿದಳು. ಏಪ್ರಿಲ್, ಮೇ ನನ್ನ ಕುರ್ಚಿಯ ಮುಂದೆಯೇ ಬಂದವು. ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದರು. ವರದಿ ಓದದೆ ಮೊದಲ ಬಾರಿ ಮಾತಾಡಬೇಕು. ನನ್ನ ಗಂಟಲು ಮಾರ್ಚ್ ತಿಂಗಳ ಕೆರೆಯಾಗಿತ್ತು. ಆಮೇಲೆ ಏನಾಯಿತೋ ನನಗೆ ಸರಿಯಾಗಿ ತಿಳಿಯದು. ಕಾಮಾಕ್ಷಮ್ಮ ಎದುರಿಗೆ ಲೋಟ ಇಟ್ಟರೆ ಕೇಳದೆ ಕುಡಿಯುವುದು ನನ್ನ ನಲವತ್ತು ವರ್ಷದ ಸಂಸಾರದ ಅಭ್ಯಾಸ.

ಪಂಚೆ ತೆಗೆದದ್ದೇ ಸಭೆ ನೆಟ್ಟಗೆ ಕೂತಿತು. ಎರಡು ತುದಿ ಹಳ್ಳ, ನಡುವೆ ಬೆಳ್ಳನೆಯ ಬೆಟ್ಟ!

"ಈ ಎರಡು ತುದೀಲಿರೋದು ಬೇಸಿಗೆ. ನಡುವೆ ಇರೋದು ಹಸಿರು ಹುಲ್ಲಿರೋ ತಿಂಗಳು" ಎಂದೆ. ಅಷ್ಟೇ.

ವರದಿ ಎಂದರೆ ದಿಂಬು ತರುತ್ತಿದ್ದ ವಿಶಾಲಾಕ್ಷಮ್ಮ ಎದ್ದು ನಿಂತರು. "ಅಯ್ಯೋ ಶಿವನೇ, ಮೇ ತಿಂಗಳು ಒಂದೇ ಬೆರಳಾ! ಹುಲ್ಲು ಹಾಕ್ರಪ್ಪಾ, ಕಮಾನು ಯಾರಿಗೆ ಬೇಕು?"

"ಹುಲ್ಲು! ಹುಲ್ಲು!" ಎಂದು ಐದೂ ಭಾಷೆಗಳಲ್ಲಿ ಕೂಗೆದ್ದಿತು. ನಾನು ಹೆಮ್ಮೆಯಿಂದ ಕಾಮಾಕ್ಷಿಯ ಕಡೆ ನೋಡಿದೆ. ಅವಳು ಮೇ ತಿಂಗಳನ್ನೇ ದಿಟ್ಟಿಸುತ್ತಿದ್ದಳು.

ಶಿವಪ್ರಕಾಶ್ ಸುಮ್ಮನಿರುತ್ತಾರೆಯೇ? ಕುರ್ಚಿಯ ಕಾಲಿಗೆ ಒತ್ತು ಕೊಟ್ಟಿದ್ದ ನನ್ನ ವರದಿಯನ್ನು ಎಳೆದು ಪುಟ ತಿರುವಿದರು. ಇಪ್ಪತ್ತೆರಡು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಒಬ್ಬ ಮನುಷ್ಯಪ್ರಾಣಿ ನನ್ನ ಮೂವತ್ತೇಳನೇ ಪುಟವನ್ನು ಓದಿತು, ಅದೂ ನನ್ನನ್ನು ಹಿಡಿಯಲಿಕ್ಕೆ.

"ಸಣ್ಣಸ್ವಾಮಣ್ಣ, ಏಪ್ರಿಲ್ ಆರು ಸಾವಿರ, ಮೇ ಐದೂವರೆ ಸಾವಿರ ಅಂತ ನೀವೇ ಬರೆದಿದ್ದೀರಿ. ಲೋಟದಲ್ಲಿ ನೋಡಿದ್ರೆ ಏಪ್ರಿಲ್ ನಾಲ್ಕು ಬೆರಳು, ಮೇ ಒಂದು ಬೆರಳು! ಜನಕ್ಕೆ ಸುಳ್ಳು ಲೋಟ ತೋರಿಸ್ತೀರಾ?"

ಸಭೆ ತಣ್ಣಗಾಯಿತು. "ಸುಳ್ಳಾದ್ರೆ ಹುಲ್ಲೂ ಬೇಡ" ಎಂದಿತು ಹಿಂದಿನ ಸಾಲು. ನಾಲ್ಕು ವರ್ಷದ ಮೇವು ಕಣ್ಣೆದುರೇ ಒಣಗತೊಡಗಿತು.

ಕಾಮಾಕ್ಷಮ್ಮ ಮೈಕ್ ತೆಗೆದುಕೊಂಡಳು.

"ಲೆಕ್ಕ ಸುಳ್ಳಲ್ಲ ಶಿವಪ್ರಕಾಶಣ್ಣ. ಬೊಟ್ಟು ಎಲ್ಲಿದೆ ನೋಡಿ, ಅದು ನಿಜವಾದ ಮೇ ತಿಂಗಳು. ಇನ್ನುಳಿದ ಹಾಲು ಎಲ್ಲಿದೆ ಅಂತೀರಾ?" ಎಂದು ಬೆರಳು ಚಾಚಿದಳು. "ನಮ್ಮ ಯಜಮಾನರ ಮೀಸೆ ಮೇಲಿದೆ."

ಮುನ್ನೂರು ಕಣ್ಣುಗಳು ನನ್ನ ಮೀಸೆಯ ಮೇಲೆ ಬಿದ್ದವು. ನನ್ನದು ಸೊಂಪಾದ ಕರಿ ಮೀಸೆ. (ಕರಿ ಬಣ್ಣ ಅಂಗಡಿಯದು, ಸೊಂಪು ಸ್ವಂತದ್ದು.) ಅದರ ಮೇಲೆ ಮೇ ತಿಂಗಳು ಎಳೆ ಎಳೆಯಾಗಿ ಕೆನೆಗಟ್ಟಿ ನಿಂತಿತ್ತು. ಅಂಥ ಸ್ಪಷ್ಟವಾದ ಚಿತ್ರ ನಮ್ಮ ಸಂಘ ಹಿಂದೆಂದೂ ನೋಡಿರಲಿಲ್ಲ. ಎದ್ದ ನಗೆ ಕಾವೇರಿಯ ಆಚೆ ದಡದಲ್ಲಿ ಕೇಳಿಸಿ, ಅಲ್ಲಿಯ ಸಂಘದ ಸಭೆಯೂ ಎಚ್ಚರವಾಯಿತಂತೆ.

ಅವಳು ಚೊಂಬಿನಿಂದ ಬೊಟ್ಟಿನವರೆಗೆ ಹಾಲು ಹೊಯ್ದಳು. ಮೂರೂವರೆ ಚಿಲ್ಲರೆ ಬೆರಳಿಗೂ ಅದು ಹಳ್ಳವೇ. ಶಿವಪ್ರಕಾಶ್ ಕೂಡ ಕಣ್ಣೊರೆಸಿಕೊಳ್ಳುತ್ತ ಕೈ ಎತ್ತಿದರು. ಹುಲ್ಲಿನ ಠರಾವು ಸರ್ವಾನುಮತದಿಂದ ಪಾಸಾಯಿತು. ಅದರ ಬೆನ್ನಿಗೇ ಇನ್ನೊಂದು: ಮುಂದಿನ ವರ್ಷದಿಂದ ವರದಿಯನ್ನು ಶ್ರೀಮತಿ ಕಾಮಾಕ್ಷಮ್ಮನವರು ಮಂಡಿಸತಕ್ಕದ್ದು, ಕಾರ್ಯದರ್ಶಿಗಳು ಲೋಟ ತೊಳೆಯತಕ್ಕದ್ದು. ಅನುಮೋದಿಸಿದವರು ವಿಶಾಲಾಕ್ಷಮ್ಮ, ದಿಂಬು ಸಮೇತ.

ಮರುದಿನ ಬೆಳಿಗ್ಗೆ ಕಾಫಿ ಬಂತು. ಲೋಟದ ಅರ್ಧಕ್ಕೊಂದು ಕೆಂಪು ಬೊಟ್ಟು. ಕಾಫಿ ಅದಕ್ಕಿಂತ ಒಂದು ಹನಿಯೂ ಮೇಲಿಲ್ಲ.

"ಇದೇನೇ, ಇಷ್ಟೇನಾ?"

"ಮೇ ತಿಂಗಳದ್ದು ಆಗಲೇ ಕುಡಿದಿದ್ದೀರಲ್ಲ!" ಎಂದಳು.